ಹಳೇ ಆರ್ಕೇಡ್ ಮಷೀನಿನ ಸದ್ದು: ಕೆಪಾಸಿಟರ್ ಬದಲಿಸೋದಾ, ಹೊಸ ಆಂಪ್ ಕೂರಿಸೋದಾ?

ವಿಡಿಯೋ ಗೇಮ್ ಪಾರ್ಲರ್‌ಗಳು ಮುಚ್ಚಿದ ಮೇಲೆ ಅಲ್ಲಿದ್ದ ಪ್ಲೈವುಡ್ ಮಷೀನುಗಳು ಬಹುಪಾಲು ಗುಜರಿಗೆ ಹೋದವು. ಅಲ್ಲೊಂದು ಇಲ್ಲೊಂದು ಮಾತ್ರ ನಮ್ಮಂಥ ಹುಚ್ಚರ ಮನೆ ಸೇರಿತು. ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿರುವುದೂ ಅಂಥದ್ದೇ. ಒಳಗಿರುವುದು ಸ್ಟ್ರೀಟ್ ಫೈಟರ್ 2 ಆಟದ ನಕಲಿ ಬೋರ್ಡು. ಚಿತ್ರ ಚೆನ್ನಾಗಿದೆ, ಗುಂಡಿಗಳು ಕೆಲಸ ಮಾಡುತ್ತವೆ. ಸದ್ದು ಮಾತ್ರ ತಗಡಿನ ಡಬ್ಬದೊಳಗಿಂದ ಬಂದ ಹಾಗಿತ್ತು. ಅದರ ಹಿಂದೆ ಗುಂಯ್ ಅನ್ನುವ ರಾಗ ಬೇರೆ.

ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದರು. ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿ) ಬದಲಿಸಿ ಅಂದವರಿದ್ದಾರೆ, ಐಸಿ (ಚಿಪ್) ಹೊಸದು ಹಾಕಿ ಅಂದವರಿದ್ದಾರೆ. ಬೋರ್ಡಿನ ಆಂಪ್ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಬಿಟ್ಟುಬಿಡಿ, ಹೊರಗಿನದು ಕೂರಿಸಿ ಅನ್ನುವವರೇ ಜಾಸ್ತಿ. ಅದೇ ಮಷೀನಿನಲ್ಲಿ ಒಂದೊಂದಾಗಿ ಎಲ್ಲವನ್ನೂ ಹಾಕಿ ಕೇಳಿದೆ.

ಹೋಲಿಸುವ ಮೊದಲು ತೊಂದರೆ ಎಲ್ಲಿದೆ ಅಂತ ಗೊತ್ತಾಗಬೇಕು, ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ. 1985ರಲ್ಲಿ ಜಪಾನಿನಲ್ಲಿ ಬಂದ ಜಾಮ್ಮಾ ಪದ್ಧತಿಯ (ಬೇರೆ ಬೇರೆ ಆಟಕ್ಕೂ ಒಂದೇ ತರಹದ ವೈರಿಂಗ್) ಬೋರ್ಡಾದರೆ ಅಂಚಿನಲ್ಲಿ 56 ಪಿನ್ ಇರುತ್ತವೆ. ಬಿಡಿಭಾಗಗಳಿರುವ ಬದಿಗೆ ಅಂಕಿ, ಬೆಸುಗೆಯ ಬದಿಗೆ ಇಂಗ್ಲಿಷ್ ಅಕ್ಷರ. 6 ಮತ್ತು ಎಫ್ ಪಿನ್‌ಗಳಲ್ಲಿ 12 ವೋಲ್ಟ್ ಬರುತ್ತದೆ. 10 ಮತ್ತು ಎಲ್ ಪಿನ್‌ಗಳು ಸ್ಪೀಕರಿಗೆ. ಆಟ ಓಡುವುದಕ್ಕೆ 5 ವೋಲ್ಟ್ ಸಾಕು. ಹಾಗಾಗಿ 12 ವೋಲ್ಟ್ ಸತ್ತಿದ್ದರೂ ಆಟ ಮಾಮೂಲಿನಂತೆ ನಡೆಯುತ್ತದೆ, ಸದ್ದು ಮಾತ್ರ ಇರುವುದಿಲ್ಲ. ಇನ್ನೂ ಹಳೆಯ ಕೆಲವು ಬೋರ್ಡುಗಳಿಗೆ ಮೈನಸ್ 5 ವೋಲ್ಟ್ ಇಲ್ಲದಿದ್ದರೂ ಇದೇ ಕಥೆ. ಮೀಟರ್ ಹಿಡಿದು ಇವೆರಡನ್ನು ನೋಡದೆ ಬೆಸುಗೆ ಕಡ್ಡಿ ಬಿಸಿ ಮಾಡಬೇಡಿ.

ಆಮೇಲೆ ಸ್ಕ್ರೂಡ್ರೈವರ್ ಪರೀಕ್ಷೆ. ಸದ್ದು ಹೆಚ್ಚು ಕಡಿಮೆ ಮಾಡುವ ವಾಲ್ಯೂಮ್ ಪಾಟ್‌ನ ನಡುವಿನ ಕಾಲನ್ನು ಸ್ಕ್ರೂಡ್ರೈವರಿನ ಲೋಹದ ತುದಿಯಿಂದ ಮುಟ್ಟಿ, ಬೆರಳು ಲೋಹಕ್ಕೆ ತಾಗಿರಲಿ. ಸ್ಪೀಕರಿನಲ್ಲಿ ಜೋರಾಗಿ ಗುರ್ ಅಂದರೆ ಆಂಪ್ ಬದುಕಿದೆ. ಆದರೆ ಪಿಕ್ಚರ್ ಟ್ಯೂಬಿನ ಹತ್ತಿರ ಕೈ ಹೋಗದಂತೆ ನೋಡಿಕೊಳ್ಳಿ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿದಿರಬಹುದು.

ಇನ್ನೊಂದು ಸುಳಿವು ಕಿವಿಗೇ ಸಿಗುತ್ತದೆ. ಈ ಆಟದ ಸಂಗೀತ ಬರುವುದು ಯಮಾಹಾ ವೈಎಂ2151 ಚಿಪ್‌ನಿಂದ, ಅದರ ಪಕ್ಕದ ವೈಎಂ3012 ಮೂಲಕ. ಹೊಡೆತ, ಕೂಗಾಟ ಎಲ್ಲ ಒಕಿ ಎಂಎಸ್ಎಂ6295ರಿಂದ. ಕೂಗು ಕೇಳಿಸಿ ಸಂಗೀತ ಇಲ್ಲ ಅಂದರೆ ಯಮಾಹಾ ಕಡೆ ನೋಡಿ. ಸಂಗೀತ ಇದ್ದು ಕೂಗು ಇಲ್ಲ ಅಂದರೆ ಒಕಿ ಕಡೆ. ಎರಡೂ ಒಟ್ಟಿಗೆ ಹೋಗಿದ್ದರೆ ಆಂಪ್ ಇರಬಹುದು. ಆಂಪ್ ಸರಿ ಇದ್ದರೆ ಸದ್ದಿಗೆಂದೇ ಇರುವ ಝಡ್80 ಪ್ರೊಸೆಸರ್. ಚಿಪ್ಪೇ ಹೋಗಿದ್ದರೆ ಕೆಳಗಿನ ಯಾವ ಆಂಪ್ ಹಾಕಿದರೂ ಪ್ರಯೋಜನವಿಲ್ಲ. ಮೂಲ ಸದ್ದು ಹೇಗಿತ್ತು ಅಂತ ಮರೆತಿದ್ದರೆ ಕಂಪ್ಯೂಟರಿನಲ್ಲಿ ಹಳೇ ಆರ್ಕೇಡ್ ಆಟ ಓಡಿಸುವ ಮೇಮ್ ತಂತ್ರಾಂಶ ಹಾಕಿ ಕೇಳಿ, ಕಿವಿ ಸರಿಹೋಗುತ್ತದೆ.

ನನ್ನ ಬೋರ್ಡಿನಲ್ಲಿ ಎರಡೂ ಕೇಳುತ್ತಿದ್ದವು. ಕೆಟ್ಟಿದ್ದು ಕೊನೆಯ ಹಂತ ಮಾತ್ರ. ಅಲ್ಲಿರುವ ಆಂಪ್ ಐಸಿ ಟಿಡಿಎ2003.

ಮೊದಲು ಕೆಪಾಸಿಟರ್. ಈ ಐಸಿಯಿಂದ ಸದ್ದು ಸ್ಪೀಕರಿಗೆ ಹೋಗುವುದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ. 8 ಓಮ್ ಸ್ಪೀಕರ್ ಇದ್ದರೆ ಅದು ಸುಮಾರು 20 ಹರ್ಟ್ಜ್ ತನಕ ತಗ್ಗು ಸದ್ದನ್ನು ಬಿಡುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಒಣಗಿ 50 ಮೈಕ್ರೋಫ್ಯಾರಡ್‌ಗೆ ಇಳಿಯಿತು ಅಂದುಕೊಳ್ಳಿ. ಆಗ 400 ಹರ್ಟ್ಜ್‌ಗಿಂತ ಕೆಳಗಿನದು ಸೊರಗುತ್ತಾ ಹೋಗುತ್ತದೆ. ತಗಡಿನ ಸದ್ದಿಗೆ ಕಾರಣ ಇದೇ. ಗುಂಯ್ ಅನ್ನುವುದು ಬೇರೆ ಕಡೆಯಿಂದ. ನನ್ನ ಮಷೀನಿನಲ್ಲಿ 12 ವೋಲ್ಟ್ ಬರುವುದು ಹಳೇ ಟ್ರಾನ್ಸ್‌ಫಾರ್ಮರ್ ಸಪ್ಲೈನಿಂದ. ನಮ್ಮ ಕರೆಂಟು 50 ಹರ್ಟ್ಜ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ ಮೇಲೆ ಏರಿಳಿತ 100 ಹರ್ಟ್ಜ್. ಅದನ್ನು ತಡೆಯಬೇಕಾದ ದೊಡ್ಡ ಕೆಪಾಸಿಟರೂ ಒಣಗಿತ್ತು.

ಎರಡನ್ನೂ ಬದಲಿಸಿದೆ. ಸುತ್ತಮುತ್ತಲಿನ ಚಿಕ್ಕವನ್ನೂ ಬಿಡಲಿಲ್ಲ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ. 85 ಡಿಗ್ರಿಯದ್ದು ಬೇಡ, 105 ಡಿಗ್ರಿಯದ್ದು ಕೇಳಿ ತನ್ನಿ. ಮೈಸೂರಿನ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆ ಇದ್ದೇ ಇದೆ. ಗುಂಯ್ ನಿಂತಿತು, ಡ್ರಮ್ಮಿನ ಏಟು ಎದೆಗೆ ತಾಗುವಂತೆ ವಾಪಸ್ ಬಂತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಬೇರೆ ಯಾವುದೂ ಕೊಡಲಿಲ್ಲ. ಬೋರ್ಡಿನ ತಾಮ್ರದ ಗೆರೆ ಏಳದಂತೆ ಕೀಳುವ ತಾಳ್ಮೆ ಬೇಕು, ಅಷ್ಟೇ.

ಐಸಿ ಬದಲಿಸುವುದು ಎರಡನೇ ದಾರಿ. ಇದು ಬೇಕೇ ಬೇಡವೇ ಅಂತ ಮೀಟರೇ ಹೇಳುತ್ತದೆ. ಟಿಡಿಎ2003ಕ್ಕೆ ಐದು ಕಾಲು. ಐದನೆಯದು ಸಪ್ಲೈ, ನಾಲ್ಕನೆಯದು ಔಟ್‌ಪುಟ್. 12 ವೋಲ್ಟ್ ಕೊಟ್ಟಾಗ ನಾಲ್ಕನೇ ಕಾಲಿನಲ್ಲಿ ಅದರ ಅರ್ಧ, ಅಂದರೆ 6 ವೋಲ್ಟ್ ಆಸುಪಾಸು ಇರಬೇಕು. ಸೊನ್ನೆಗೋ 12ಕ್ಕೋ ಅಂಟಿಕೊಂಡಿದ್ದರೆ ಬಹುತೇಕ ಐಸಿ ಹೋಗಿದೆ. ನನ್ನದರಲ್ಲಿ ಸರಿಯಾಗೇ ಇತ್ತು. ಆದರೂ ಹೊಸದು ಹಾಕಿ ಕೇಳಿದೆ, ಏನೂ ವ್ಯತ್ಯಾಸವಿಲ್ಲ. ಐಸಿ ಸತ್ತಿದ್ದರೆ ಮಾತ್ರ ಈ ಕೆಲಸ. ಮೇಲೆ ಹೆಸರು ಉಜ್ಜಿ ಬರೆದ ನಕಲಿ ಐಸಿಗಳು ಬೇಕಾದಷ್ಟಿವೆ, ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ.

ಇನ್ನು ಹೊರಗಿನ ಆಂಪ್. ಇಲ್ಲಿ ಒಂದು ಮಾತು ನೆನಪಿರಲಿ. ಸ್ಪೀಕರ್ ಪಿನ್‌ನಿಂದ ಸದ್ದು ತೆಗೆಯಬೇಡಿ, ಅದು ಆಗಲೇ ಆಂಪ್ ದಾಟಿ ಬಂದಿರುತ್ತದೆ. ವಾಲ್ಯೂಮ್ ಪಾಟ್‌ನ ನಡುವಿನ ಕಾಲಿನಿಂದ ಶೀಲ್ಡ್ ವೈರಿನಲ್ಲಿ ತೆಗೆಯಿರಿ.

ನಮ್ಮ ಕಡೆ ಎಲ್ಲರೂ ಮೊದಲು ಹೇಳುವುದು 4440. ಸ್ಯಾನ್ಯೋದ ಈ ಐಸಿ ಸೇರದ ಲೋಕಲ್ ಆಂಪ್ ಯಾವುದಿದೆ ಹೇಳಿ? ಅದರ ಎರಡು ಚಾನೆಲ್ ಒಂದೇ ಸ್ಪೀಕರಿಗೆ ಸೇರಿಸಿದರೆ, ಅಂದರೆ ಬ್ರಿಡ್ಜ್ ಮಾಡಿದರೆ, 19 ವ್ಯಾಟ್. ಸದ್ದು ದೊಡ್ಡದು, ಅನುಮಾನವೇ ಇಲ್ಲ. ಆದರೆ ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) 51 ಡೆಸಿಬಲ್ ಮೇಲಿದೆ, ಟಿಡಿಎ2003ರ ಮಾಮೂಲಿ ಸರ್ಕ್ಯೂಟಿನಲ್ಲಿ 40 ಮಾತ್ರ. ಹಾಗಾಗಿ ಬೋರ್ಡಿನ ಸಣ್ಣ ಸುಸ್ ಸದ್ದೂ ದೊಡ್ಡದಾಗಿ ಕೇಳುತ್ತದೆ. ವಾಲ್ಯೂಮ್ ಸ್ವಲ್ಪ ತಿರುಗಿಸಿದರೆ ಕಿವಿ ಕಿತ್ತುಹೋಗುತ್ತದೆ, ನಡುವೆ ಜಾಗವೇ ಇಲ್ಲ. ರಾತ್ರಿ ಮನೆಯಲ್ಲಿ ಆಡುವವರಿಗಲ್ಲ ಇದು.

ಪ್ಯಾಮ್8403 ಅನ್ನುವ ಪುಟಾಣಿ ಬೋರ್ಡ್ ಬೆರಳಿನಷ್ಟಿದೆ, ಬಿಸಿಯಾಗುವುದಿಲ್ಲ, ಅಗ್ಗ. 5 ವೋಲ್ಟ್ ಸಾಕು, 12 ಕೊಟ್ಟರೆ ಸುಟ್ಟೇ ಹೋಗುತ್ತದೆ. ಆಟದ ಬೋರ್ಡಿಗೆ ಹೋಗುವ ಅದೇ 5 ವೋಲ್ಟಿನಿಂದ ಕೊಟ್ಟಾಗ ಪರದೆ ಬದಲಾದಂತೆಲ್ಲ ಕಿರ್ ಕಿರ್ ಅನ್ನುವ ಸದ್ದೂ ಬದಲಾಗುತ್ತಿತ್ತು. ಬೇರೆ ಮೊಬೈಲ್ ಚಾರ್ಜರ್ ಹಾಕಿದಾಗ ತುಂಬಾ ಕಡಿಮೆಯಾಯಿತು. ಮೂರು ವ್ಯಾಟಿಗೆ ಇಷ್ಟೆಲ್ಲ ಯಾಕೆ ಅನ್ನಿಸಿತು.

ಟಿಡಿಎ7297 ಬೋರ್ಡ್ ಇದಕ್ಕಿಂತ ಎಷ್ಟೋ ಮೇಲು. 12 ವೋಲ್ಟಿನಲ್ಲೇ ಓಡುತ್ತದೆ, ಸದ್ದು ತುಂಬಿಕೊಂಡು ಬರುತ್ತದೆ. ಹೀಟ್ ಸಿಂಕ್ ಒಳ್ಳೆಯದಿರಲಿ. ಆದರೆ ಪ್ಯಾಮ್ ಮತ್ತು ಇದು ಎರಡೂ ಬ್ರಿಡ್ಜ್ ಔಟ್‌ಪುಟ್. ಅಂದರೆ ಸ್ಪೀಕರಿನ ಎರಡೂ ತಂತಿಯಲ್ಲಿ ಸದ್ದು ಹರಿಯುತ್ತದೆ, ಯಾವುದನ್ನೂ ಗ್ರೌಂಡಿಗೆ ಸೇರಿಸುವಂತಿಲ್ಲ. ನನ್ನ ಮಷೀನಿನ ವೈರಿಂಗ್ ಮಾಡಿದವರು ಸ್ಪೀಕರಿನ ಮೈನಸ್ಸನ್ನು ಗ್ರೌಂಡಿಗೇ ಕಟ್ಟಿದ್ದರು. ಹಳೇ ಐಸಿಗೆ ಅದು ನಡೆಯುತ್ತಿತ್ತು. ಹೊಸದಕ್ಕೆ ಆ ತಂತಿ ಬಿಡಿಸಿ, ಸ್ಪೀಕರಿಗೆ ಬೇರೆ ಎರಡು ತಂತಿ ಎಳೆದೆ. ನೀವೂ ಕರೆಂಟ್ ಕೊಡುವ ಮುಂಚೆ ಇದನ್ನು ಮೀಟರಿನಲ್ಲಿ ನೋಡಿ.

ನೂರಾರು ಆಟ ತುಂಬಿದ ಹೊಸ ಮಲ್ಟಿಗೇಮ್ ಬೋರ್ಡನ್ನೂ ಗೆಳೆಯನಿಂದ ತಂದು ಹಾಕಿದ್ದೆ. ಸದ್ದು ಸ್ವಚ್ಛ. ಆದರೆ ಗುಂಡಿ ಒತ್ತಿದ್ದಕ್ಕೂ ಏಟಿನ ಸದ್ದಿಗೂ ನಡುವೆ ಚೂರು ತಡ. ನನಗೆ ಅದು ಸೇರಲಿಲ್ಲ, ಬಿಚ್ಚಿ ಕೊಟ್ಟೆ.

ಈಗ ನನ್ನ ಮಷೀನಿನಲ್ಲಿರುವುದು ಹಳೇ ಆಂಪ್, ಹೊಸ ಕೆಪಾಸಿಟರ್. ಐಸಿ ಹೋಗಿ, ಅಸಲಿ ಐಸಿ ಸಿಗದ ಬೋರ್ಡಾಗಿದ್ದರೆ ಟಿಡಿಎ7297 ಹಾಕುತ್ತಿದ್ದೆ. ದಸರಾ ವಸ್ತು ಪ್ರದರ್ಶನದಲ್ಲಿ ಗೇಮ್ ಸ್ಟಾಲ್ ಹಾಕುವ ಪರಿಚಯದವರೊಬ್ಬರಿಗೆ ಇವೆರಡನ್ನೂ 4440 ಅನ್ನೂ ಕೇಳಿಸಿದೆ. "ಸಾರ್, ನಿಮ್ದು ಮನೇಗೆ ಸರಿ. ನಂಗೆ ಪಕ್ಕದ ಜಾಯಿಂಟ್ ವೀಲ್ ಗಲಾಟೆ ಮೇಲೆ ಕೇಳ್ಬೇಕು" ಅಂದು 4440 ಬೋರ್ಡನ್ನೇ ಎತ್ತಿಕೊಂಡು ಹೋದರು. ಅವರ ಲೆಕ್ಕವೂ ಸರಿಯೇ ಅಲ್ವಾ.