ಐಸ್ ಪ್ಯಾಕ್, ತಣ್ಣನೆ ಸಲೈನ್, ಕೂಲಿಂಗ್ ಮೆಷಿನ್: ಮೂರನ್ನೂ ಬಳಸಿ ನೋಡಿದ ಮೇಲೆ

"ಯಾಕೆ ಸಿಸ್ಟರ್, ಅಪ್ಪನ ಕೈ ಇಷ್ಟು ತಣ್ಣಗಿದೆ?" ಅಂತ ಮಗಳು ಕೇಳಿದಳು. ಅವಳ ಭಯ ನನಗೆ ಅರ್ಥವಾಯಿತು. ನಮ್ಮಲ್ಲಿ ಮೈ ತಣ್ಣಗಾಯಿತು ಅಂದರೆ ಜೀವ ಹೋಯಿತು ಅಂತಲೇ ಅಲ್ವಾ? "ಏನೂ ಆಗಿಲ್ಲಮ್ಮ, ನಾವೇ ತಣ್ಣಗೆ ಮಾಡಿದ್ದೇವೆ" ಅಂದೆ.

ತುಮಕೂರಿನ ಐಸಿಯುಗಳಲ್ಲಿ ನಾನು ನರ್ಸ್ ಆಗಿ ಹನ್ನೆರಡು ವರ್ಷವಾಯಿತು. ನಿಂತ ಹೃದಯ ಮತ್ತೆ ಬಡಿಯಲು ಶುರುವಾದರೂ ಕೆಲವರಿಗೆ ಎಚ್ಚರ ಬರುವುದಿಲ್ಲ. ಅಂಥವರ ಮೆದುಳು ಉಳಿಸಲು ಮೈ ತಣ್ಣಗೆ ಮಾಡುತ್ತೇವೆ. ಮೈ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮೆದುಳಿಗೆ ಬೇಕಾಗುವ ಆಮ್ಲಜನಕ ನೂರಕ್ಕೆ ಸುಮಾರು 6ರಷ್ಟು ಕಡಿಮೆಯಾಗುತ್ತದೆ.

ನಾನು ಮೊದಲು ಕಲಿತದ್ದು ಐಸ್ ಪ್ಯಾಕ್. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆ ಸುತ್ತಿ ಇಡಬೇಕು. ಬರೀ ಐಸ್ ಇಟ್ಟರೆ ಚರ್ಮ ಸುಡುತ್ತದೆ. ಖರ್ಚಿಲ್ಲ, ಕರೆಂಟ್ ಬೇಡ, ಐದು ನಿಮಿಷದಲ್ಲಿ ಶುರು. ಆದರೆ ಎಲ್ಲಿ ನಿಲ್ಲಬೇಕು ಅಂತ ಐಸ್‌ಗೆ ಗೊತ್ತಿಲ್ಲ. ಒಂದು ರಾತ್ರಿ ಒಬ್ಬರ ಮೈ ಶಾಖ 33 ಡಿಗ್ರಿಗೆ ನಿಲ್ಲಿಸಬೇಕಿತ್ತು. ನನಗೆ ನಾಲ್ಕು ಹಾಸಿಗೆ ಇದ್ದವು. ತಿರುಗಿ ಬಂದು ನೋಡಿದರೆ 31.4, ಪಲ್ಸ್ 38. ಪ್ಯಾಕ್ ತೆಗೆದ ಮೇಲೂ ಶಾಖ ಇನ್ನಷ್ಟು ಇಳಿಯಿತು. ಆ ಎರಡು ಗಂಟೆ ನಾನು ಅವರ ಪಕ್ಕದಿಂದ ಕದಲಲಿಲ್ಲ. ಇನ್ನೊಂದು ಮಾತು: ಐಸ್ ಇಟ್ಟ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನಂಬಬಾರದು. ಅನ್ನನಾಳದಲ್ಲಿ ಶಾಖ ಅಳೆಯುವ ಪ್ರೋಬ್ ಹಾಕಲೇಬೇಕು.

ತಣ್ಣನೆ ಸಲೈನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ರಿಜ್‌ನಲ್ಲಿ 4 ಡಿಗ್ರಿಗೆ ಇಟ್ಟದ್ದನ್ನು ಕೆಜಿಗೆ 30 ಮಿಲಿ ಲೆಕ್ಕದಲ್ಲಿ ಬೇಗ ಬೇಗ ಹರಿಸುತ್ತಿದ್ದೆವು. ಶಾಖ ಬೇಗ ಇಳಿಯುವುದು ನಿಜ. ಆದರೆ 60 ಕೆಜಿ ಮನುಷ್ಯನಿಗೆ ಅದು 1.8 ಲೀಟರ್. ಆಗಲೇ ಸೋತ ಹೃದಯ ಅಷ್ಟು ನೀರನ್ನು ತಾಳುವುದು ಕಷ್ಟ. ಆಸ್ಪತ್ರೆಗೆ ಬರುವ ದಾರಿಯಲ್ಲೇ ಇದನ್ನು ಕೊಟ್ಟು ನೋಡಿದ ಅಮೆರಿಕದ ಅಧ್ಯಯನ 2014ರಲ್ಲಿ ಬಂತು. ಬದುಕುವವರು ಹೆಚ್ಚಲಿಲ್ಲ. ಶ್ವಾಸಕೋಶದಲ್ಲಿ ನೀರು, ಮತ್ತೆ ಹೃದಯ ನಿಲ್ಲುವುದು ಮಾತ್ರ ಹೆಚ್ಚಿತು. ನಾನು ಕಂಡದ್ದೂ ಹಾಗೇ.

ಮೆಷಿನ್ ಬಂದ ಮೇಲೆ ರಾತ್ರಿಗಳೇ ಬದಲಾದವು. ಮೈಗೆ ಪ್ಯಾಡ್ ಸುತ್ತಿದರೆ ಒಳಗೆ ನೀರು ಓಡುತ್ತದೆ. ಪ್ರೋಬ್ ಹೇಳಿದಂತೆ ಮೆಷಿನ್ನೇ ಆ ನೀರನ್ನು ಬಿಸಿ, ತಣ್ಣಗೆ ಮಾಡಿಕೊಳ್ಳುತ್ತದೆ. ಮತ್ತೆ ಬೆಚ್ಚಗೆ ಮಾಡುವಾಗ ಗಂಟೆಗೆ ಕಾಲು ಡಿಗ್ರಿ ಮಾತ್ರ ಏರಿಸಬೇಕು. ಐಸ್‌ನಲ್ಲಿ ಆ ಹತೋಟಿ ನನಗೆ ಒಮ್ಮೆಯೂ ಸಿಗಲಿಲ್ಲ. ನಡುಕವನ್ನು ಮಾತ್ರ ಮೆಷಿನ್ ನೋಡಿಕೊಳ್ಳುವುದಿಲ್ಲ. ದವಡೆ ಸಣ್ಣಗೆ ಅದುರಲು ಶುರುವಾದರೆ ನಾವೇ ಡಾಕ್ಟರನ್ನು ಕರೆಯಬೇಕು.

2021ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 33ಕ್ಕೆ ಇಳಿಸಿದವರಿಗೂ ಬರೀ ಜ್ವರ ಬಾರದಂತೆ ನೋಡಿಕೊಂಡವರಿಗೂ ಆರು ತಿಂಗಳಲ್ಲಿ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈಗ ನಮ್ಮಲ್ಲಿ ಹೆಚ್ಚಿನವರಿಗೆ 37.5 ದಾಟದಂತೆ ಕಾಯುತ್ತೇವೆ. ಅದಕ್ಕೂ ನಾನು ಮೆಷಿನ್ನನ್ನೇ ಕೇಳುತ್ತೇನೆ. ಜ್ವರ ಬೆಳಗಿನ ಜಾವ ಮೂರಕ್ಕೆ ಏರುತ್ತದೆ, ಆಗ ನಾನು ಬೇರೆ ಹಾಸಿಗೆಯ ಹತ್ತಿರ ಇರುತ್ತೇನೆ.

ಬಿಸಿಲಿನ ಹೊಡೆತಕ್ಕೆ ಮಾತ್ರ ಲೆಕ್ಕ ಉಲ್ಟಾ. ಏಪ್ರಿಲ್‌ನಲ್ಲಿ ಶಿರಾ ಕಡೆಯಿಂದ ಒಬ್ಬ ಕೂಲಿ ಅಣ್ಣನನ್ನು ಕರೆತಂದರು. 41.6 ಡಿಗ್ರಿ, ಏನೇನೋ ಬಡಬಡಿಸುತ್ತಿದ್ದರು. ಇಲ್ಲಿ ಮೆಷಿನ್ ತುಂಬಾ ನಿಧಾನ. ಒದ್ದೆ ಬಟ್ಟೆ, ಫ್ಯಾನ್ ನಮ್ಮ ಒಣ ಬೇಸಿಗೆಯಲ್ಲಿ ಪರವಾಗಿಲ್ಲ, ಆದರೆ ಅದೂ ಸಾಲದು. ಟಾರ್ಪಾಲಿನ ನಾಲ್ಕು ಮೂಲೆ ಎತ್ತಿ ಹಿಡಿದು, ಒಳಗೆ ಮಲಗಿಸಿ, ಐಸ್ ನೀರು ಸುರಿದೆವು. ಇಪ್ಪತ್ತು ನಿಮಿಷಕ್ಕೆ 39. ಅಲ್ಲಿಗೆ ತಕ್ಷಣ ನಿಲ್ಲಿಸಿದೆವು. ಸಂಜೆ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದರು. ಆ ಟಾರ್ಪಾಲನ್ನು ಒಣಗಿಸಿ, ಮಡಿಸಿ, ಕ್ಯಾಶುಯಾಲ್ಟಿಯ ಬಾಗಿಲ ಹಿಂದೆ ಇಟ್ಟಿದ್ದೇನೆ.