ಕಂಪನಿಯ ಮೋಡೆಮ್ ಇರಲಿ, ವೈಫೈ ನಮ್ಮದೇ ಆಗಲಿ: ಆರ್ಚರ್ ಸಿ6 ಜೊತೆ ಒಂದು ವರ್ಷ

ತಿಂಗಳ 20ನೇ ತಾರೀಕು ಹತ್ತಿರ ಬಂದರೆ ನನಗೆ ಬೇರೆ ಯಾವುದೂ ನೆನಪಾಗುವುದಿಲ್ಲ. ಪ್ರತಿ ತಿಂಗಳ ಜಿಎಸ್‌ಟಿ ಲೆಕ್ಕದ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಅದೇ ಕೊನೆಯ ದಿನ. ಪುತ್ತೂರು ಪೇಟೆಯ ಹದಿನೈದು ಅಂಗಡಿಗಳ ಲೆಕ್ಕ ನಾನು ಮನೆಯಲ್ಲೇ ಕೂತು ನೋಡುತ್ತೇನೆ. ಹೋದ ವರ್ಷದವರೆಗೂ ಆ ದಿನ ನಾನು ಕೂರುತ್ತಿದ್ದದ್ದು ನನ್ನ ಕೋಣೆಯಲ್ಲಲ್ಲ, ಚಾವಡಿಯ ನೆಲದ ಮೇಲೆ. ಇಂಟರ್‌ನೆಟ್ ಕಂಪನಿಯವರು ಮೋಡೆಮ್ ಜಡಿದು ಹೋಗಿದ್ದು ಅಲ್ಲಿನ ಕಿಟಕಿ ಪಕ್ಕದಲ್ಲಿ.

ನಮ್ಮದು ಹಳೇ ಮನೆ. ಮುರಕಲ್ಲಿನ ಗೋಡೆಗಳು, ಒಂದೊಂದೂ ಒಂದು ಮೊಳ ದಪ್ಪ. ಚಾವಡಿಯಿಂದ ನನ್ನ ಕೋಣೆಗೆ ಬರಲು ವೈಫೈ ಅಂಥ ಎರಡು ಗೋಡೆ ದಾಟಬೇಕು. 100 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟುತ್ತಿದ್ದೆ, ಕೋಣೆಯಲ್ಲಿ ಸಿಗುತ್ತಿದ್ದದ್ದು 6. ಒಳ್ಳೆಯ ದಿನ ಆದರೆ 8. ಕಂಪನಿಗೆ ಫೋನ್ ಮಾಡಿದರೆ, "ಮೇಡಂ, ದೊಡ್ಡ ಪ್ಲಾನ್ ಹಾಕಿಸಿ" ಅಂದರು. ಮೋಡೆಮ್‌ನಿಂದ ಲ್ಯಾಪ್‌ಟಾಪಿಗೆ ನೇರ ವೈರ್ ಹಾಕಿ ನೋಡಿದೆ. 95 ಬಂತು! ಲೈನಿನಲ್ಲಿ ಏನೂ ಕೊರತೆ ಇರಲಿಲ್ಲ. ದೊಡ್ಡ ಪ್ಲಾನ್ ಹಾಕಿಸಿದ್ದರೆ ಸುಮ್ನೆ ದುಡ್ಡು ದಂಡ ಆಗುತ್ತಿತ್ತು.

ಕಂಪನಿಯವರು ಕೊಡುವ ಆ ಡಬ್ಬಿ ಎರಡು ಕೆಲಸ ಮಾಡುತ್ತದೆ. ಫೈಬರಿನಲ್ಲಿ ಬೆಳಕಾಗಿ ಬರುವುದನ್ನು ನಮ್ಮ ಸಾಧನಗಳಿಗೆ ಅರ್ಥವಾಗುವ ಹಾಗೆ ಬದಲಿಸುವುದು ಒಂದು, ಅದನ್ನು ವೈಫೈಯಲ್ಲಿ ಹಂಚುವುದು ಇನ್ನೊಂದು. ಮೊದಲನೆಯದನ್ನು ನಮ್ಮ ಡಬ್ಬಿ ಚೆನ್ನಾಗಿಯೇ ಮಾಡುತ್ತಿತ್ತು. ಎರಡನೆಯದಕ್ಕೆ ಅದರಲ್ಲಿ ಇದ್ದದ್ದು ಬರೀ 2.4 ಗಿಗಾಹರ್ಟ್ಸ್, ಅಂದರೆ ನಿಧಾನದ ವೈಫೈ. ವೇಗದ 5 ಗಿಗಾಹರ್ಟ್ಸ್ ಇರಲಿಲ್ಲ. ಹಾಗಾಗಿ ಎರಡನೇ ಕೆಲಸಕ್ಕೆ ಟಿಪಿ-ಲಿಂಕ್ ಆರ್ಚರ್ ಸಿ6 ಅನ್ನುವ ರೂಟರ್ ತಂದೆ. ಕೊಟ್ಟದ್ದು 2,499 ರೂಪಾಯಿ. 5 ಗಿಗಾಹರ್ಟ್ಸ್‌ನಲ್ಲಿ 867, 2.4ರಲ್ಲಿ 300 ಎಂಬಿಪಿಎಸ್ ಎಂದು ಡಬ್ಬದ ಮೇಲೆ ಬರೆದಿದೆ. ಅಷ್ಟು ಕೈಗೆ ಸಿಗುವುದಿಲ್ಲ, 100ರ ಪ್ಲಾನಿಗೆ ಅಷ್ಟು ಬೇಕಾಗಿಯೂ ಇಲ್ಲ. ವೈರ್ ಹಾಕುವ ಪೋರ್ಟುಗಳೆಲ್ಲ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ವರೆಗಿನವು. ಅದು ಮುಖ್ಯ, ನಾಳೆ ಪ್ಲಾನ್ ಜಾಸ್ತಿ ಮಾಡಿಸಿದರೂ ರೂಟರ್ ಬದಲಿಸಬೇಕಾಗುವುದಿಲ್ಲ.

ಆದರೆ ರೂಟರ್‌ಗಿಂತ ಜಾಸ್ತಿ ಉಪಕಾರ ಆದದ್ದು 20 ಮೀಟರ್ ಕ್ಯಾಟ್-6 ನೆಟ್‌ವರ್ಕ್ ವೈರಿನಿಂದ. ಹೊಸ ರೂಟರನ್ನು ಮೋಡೆಮ್ ಪಕ್ಕದಲ್ಲೇ ಇಟ್ಟಿದ್ದರೆ ಅದೇ ಎರಡು ಗೋಡೆ ಅಡ್ಡ ಬರುತ್ತಿತ್ತು, ಅಲ್ವಾ? ಮಾವ ಅಟ್ಟ ಹತ್ತಿದರು. ನಾನು ಕೆಳಗಿನಿಂದ ವೈರ್ ಬಿಡುತ್ತಾ ಹೋದೆ. ಅಡಿಕೆ ಗೋಣಿಗಳ ಹಿಂದಿನಿಂದ, ಪಕ್ಕಾಸಿನ ಗುಂಟ ಎಳೆದು ನಡುಮನೆಯ ಕಪಾಟಿನ ಮೇಲೆ ಇಳಿಸಿದೆವು. ರೂಟರ್ ಈಗ ಅಲ್ಲಿದೆ. ನನ್ನ ಕೋಣೆಯ ಬಾಗಿಲು ಎದುರಿಗೇ ಬರುತ್ತದೆ. ಕೋಣೆಯಲ್ಲಿ 90 ದಾಟುತ್ತದೆ, ಅಡುಗೆಮನೆಯಲ್ಲಿ 2.4ರಲ್ಲಿ 30ರ ಹತ್ತಿರ. ಅತ್ತೆ ಈಗ ದೋಸೆ ಹೊಯ್ಯುತ್ತಲೇ ಮಸ್ಕತ್‌ನಲ್ಲಿರುವ ಮಗಳಿಗೆ ವಿಡಿಯೋ ಕಾಲ್ ಮಾಡುತ್ತಾರೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಮೋಡೆಮ್‌ನ ಲ್ಯಾನ್ (ಮನೆಯೊಳಗೆ ಇಂಟರ್‌ನೆಟ್ ಕೊಡುವ) ಪೋರ್ಟಿನಿಂದ ಆರ್ಚರ್‌ನ ವ್ಯಾನ್ (ಹೊರಗಿನಿಂದ ಇಂಟರ್‌ನೆಟ್ ತೆಗೆದುಕೊಳ್ಳುವ) ಪೋರ್ಟಿಗೆ ವೈರ್ ಹಾಕಿದೆ, ಇಂಟರ್‌ನೆಟ್ ಬಂತು, ಮುಗಿಯಿತು ಅಂದುಕೊಂಡೆ. ಮೋಡೆಮ್‌ನ ವೈಫೈಯನ್ನೂ ಆಫ್ ಮಾಡಿರಲಿಲ್ಲ. ಮಾರನೇ ದಿನ ಪ್ರಿಂಟರ್ ಕಾಣೆ! ಪ್ರಿಂಟರ್ ಇದ್ದದ್ದು ಮೋಡೆಮ್‌ನ ವೈಫೈಯಲ್ಲಿ, 192.168.1 ಎಂದು ಶುರುವಾಗುವ ವಿಳಾಸದಲ್ಲಿ. ಲ್ಯಾಪ್‌ಟಾಪ್ ಇದ್ದದ್ದು ಆರ್ಚರ್‌ನ 192.168.0ರಲ್ಲಿ. ಎರಡು ಡಬ್ಬಿಗಳೂ ಬೇರೆ ಬೇರೆ ವಿಳಾಸ ಹಂಚಿ ಮನೆಯೊಳಗೆ ಎರಡು ನೆಟ್‌ವರ್ಕ್ ಆಗಿತ್ತು. ಇದಕ್ಕೆ ಡಬಲ್ ನ್ಯಾಟ್ ಅನ್ನುತ್ತಾರೆ. ಬ್ರೌಸಿಂಗಿಗೆ ಏನೂ ತೊಂದರೆ ಇಲ್ಲ. ಪ್ರಿಂಟರ್, ಕ್ಯಾಮೆರಾ, ಆನ್‌ಲೈನ್ ಗೇಮ್ ಇರುವ ಮನೆಯಲ್ಲಿ ತಲೆನೋವು.

ಇದಕ್ಕೆ ಸುಲಭದ ದಾರಿ ಆಕ್ಸೆಸ್ ಪಾಯಿಂಟ್ ಮೋಡ್. ಆರ್ಚರ್‌ನ ಸೆಟ್ಟಿಂಗಿನಲ್ಲಿ ಆಪರೇಷನ್ ಮೋಡ್ ಅಂತ ಉಂಟು, ಅಲ್ಲಿ ಬದಲಿಸಿದರೆ ಸಾಕು. ವಿಳಾಸ ಕೊಡುವ ಕೆಲಸ ಮೋಡೆಮ್‌ಗೆ ಹೋಗುತ್ತದೆ, ಆರ್ಚರ್ ಬರೀ ವೈಫೈ ಹಂಚುತ್ತದೆ. ಮೋಡೆಮ್‌ನ ವೈಫೈ ಆಫ್ ಮಾಡಿ, ಅದರ ಹೆಸರು ಮತ್ತು ಪಾಸ್‌ವರ್ಡನ್ನೇ ಹೊಸದಕ್ಕೆ ಇಟ್ಟೆ. ಪ್ರಿಂಟರ್, ಟಿವಿ, ಅತ್ತೆಯ ಫೋನ್ ಎಲ್ಲವೂ ತಾನಾಗಿಯೇ ಬಂದು ಸೇರಿಕೊಂಡವು. ಜಾಸ್ತಿ ಮನೆಗಳಿಗೆ ಇಷ್ಟೇ ಸಾಕು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ನನಗೆ ಸಾಕಾಗದೇ ಇದ್ದದ್ದು ಮಗನ ಟ್ಯಾಬ್‌ನಿಂದ. ರಾತ್ರಿ ಹತ್ತರ ಮೇಲೆ ಅದಕ್ಕೆ ಇಂಟರ್‌ನೆಟ್ ಹೋಗಬಾರದು. ಆ ಪೇರೆಂಟಲ್ ಕಂಟ್ರೋಲ್ ಆರ್ಚರ್‌ನಲ್ಲಿದೆ, ಆದರೆ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಸಿಗುವುದಿಲ್ಲ. ಹಾಗಾಗಿ ಬ್ರಿಡ್ಜ್ ಮೋಡ್ ಕೇಳಿದೆ. ಮೋಡೆಮ್ ಬರೀ ಫೈಬರ್ ಕೆಲಸ ಮಾಡುವುದು, ಲಾಗಿನ್ ಆಗುವುದರಿಂದ ಹಿಡಿದು ಉಳಿದದ್ದೆಲ್ಲ ಆರ್ಚರ್ ನೋಡಿಕೊಳ್ಳುವುದು. ಕಸ್ಟಮರ್ ಕೇರ್‌ನವರು ಮೂರು ಸಲ "ಆಗಲ್ಲ ಮೇಡಂ" ಅಂದರು. ಕೊನೆಗೆ ನಮ್ಮ ಏರಿಯಾದ ಲೈನ್‌ಮ್ಯಾನ್ ಬಂದವರು, "ಇದೆಂಥ ದೊಡ್ಡ ವಿಷಯ ಅಕ್ಕ" ಅಂತ ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು. ಕಂಪನಿಯ ಲೈನಿಗೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಬರೆಸಿಕೊಂಡೆ. ಅದನ್ನು ಆರ್ಚರ್‌ಗೆ ಹಾಕಿದರೆ ಕನೆಕ್ಟ್ ಆಗಲೇ ಇಲ್ಲ. "ಹಳೇ ಸೆಷನ್ ಅಲ್ಲೇ ಸಿಕ್ಕಿಹಾಕಿಕೊಂಡಿದೆ, ಎರಡನ್ನೂ ಆಫ್ ಮಾಡಿ ಕಾಯಿರಿ" ಅಂದರು ಅವರು. ಚಹಾ ಕುಡಿದು ಬಂದು ಆನ್ ಮಾಡಿದೆವು, ಬಂತು. ಮೋಡೆಮ್‌ಗೆ ಹಾಕಿದ್ದ ಲ್ಯಾಂಡ್‌ಲೈನ್ ಫೋನಿಗೂ ಏನೂ ಆಗಲಿಲ್ಲ. ನನಗೆ ಅದೇ ಭಯ ಇತ್ತು.

ಒಂದು ಎಚ್ಚರಿಕೆ. ಮೋಡೆಮ್ ನಮ್ಮ ಮನೆಯಲ್ಲಿದ್ದರೂ ಅದರ ಹಿಡಿತ ಕಂಪನಿಯ ಕೈಯಲ್ಲಿದೆ. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಇಂಟರ್‌ನೆಟ್ ಇಲ್ಲ, ಫೋನ್ ನೋಡಿದರೆ ನಾವು ಆಫ್ ಮಾಡಿದ್ದ ಮೋಡೆಮ್ ವೈಫೈ ಮತ್ತೆ ಪ್ರತ್ಯಕ್ಷ. ದೂರದಿಂದಲೇ ಅಪ್‌ಡೇಟ್ ಹಾಕಿದ್ದರು, ಬ್ರಿಡ್ಜ್ ಹೋಗಿತ್ತು. ಲೈನ್‌ಮ್ಯಾನ್ ಮತ್ತೆ ಬರಬೇಕಾಯಿತು. ಮೋಡೆಮ್ ಹಿಂದಿನ ರೀಸೆಟ್ ತೂತಿಗೆ ಪಿನ್ ಚುಚ್ಚಲೇಬೇಡಿ, ಅದರಿಂದಲೂ ಇದೇ ಗತಿ.

ಸ್ವಂತ ರೂಟರ್ ಇದೆ ಅಂತ ಗೊತ್ತಾದರೆ ಕಸ್ಟಮರ್ ಕೇರ್‌ನವರು ಪ್ರತಿ ದೂರಿಗೂ "ನಿಮ್ಮ ರೂಟರ್ ಪ್ರಾಬ್ಲಂ" ಅನ್ನುತ್ತಾರೆ. ಅದಕ್ಕೆ ನಾನು ಮೊದಲು ಲೈಟ್ ನೋಡುತ್ತೇನೆ. ಮೋಡೆಮ್‌ನಲ್ಲಿ ಎಲ್‌ಒಎಸ್ (ಸಿಗ್ನಲ್ ಇಲ್ಲ ಅನ್ನುವ) ಲೈಟ್ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಎಲ್ಲೋ ಮರ ಬಿದ್ದು ಫೈಬರ್ ಕಟ್ ಆಗಿರಬಹುದು. ನಮ್ಮ ರೂಟರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಮೋಡೆಮ್‌ನ ಪಾನ್ (ಫೈಬರ್ ಸಂಪರ್ಕ ಸರಿ ಇದೆ ಅನ್ನುವ) ಲೈಟ್ ಹಸಿರಾಗಿ ನಿಂತಿದ್ದು, ಆರ್ಚರ್‌ನ ಇಂಟರ್‌ನೆಟ್ ಲೈಟ್ ಮಾತ್ರ ಕಿತ್ತಳೆ ಇದ್ದರೆ ಲಾಗಿನ್ ಆಗಿಲ್ಲ ಅಂತ. ಫೋನಿನಲ್ಲಿ ಇದನ್ನು ಹೇಳಿದರೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ.

ಕರೆಂಟ್ ಹೋದಾಗ ಈಗ ಎರಡು ಡಬ್ಬಿಗೂ ಯುಪಿಎಸ್ ಬೇಕು. ನಮ್ಮ ಎರಡೂ ಅಡಾಪ್ಟರ್ 12 ವೋಲ್ಟ್‌ನವು, ಚಾವಡಿಗೊಂದು ನಡುಮನೆಗೊಂದು ಸಣ್ಣ ಯುಪಿಎಸ್ ಇಟ್ಟಿದ್ದೇವೆ. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗುಡುಗು ಶುರುವಾದರೆ ಎರಡರ ಪ್ಲಗ್ಗನ್ನೂ, ನಡುವಿನ ವೈರನ್ನೂ ಕಿತ್ತಿಡುತ್ತೇವೆ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ತಾಮ್ರದ ವೈರಿನಲ್ಲಿ ಹರಿಯುತ್ತದೆ.

ಅಡಿಕೆ ಅಂಗಳಕ್ಕೆ ಮಾತ್ರ ವೈಫೈ ಇನ್ನೂ ಮುಟ್ಟಿಲ್ಲ. ಅಲ್ಲಿಗೂ ಒಂದು ವೈರ್ ಎಳೆಯೋಣ ಅಂತ ಮಾವ ಆಗಲೇ ಅಳತೆ ತೆಗೆದಿದ್ದಾರೆ, 35 ಮೀಟರ್ ಬೇಕಂತೆ.