ಟಾಲಿನ್ ಕ್ರಿಸ್‌ಮಸ್ ಸಂತೆ: ಖರೀದಿಗಿಂತ ಊಟಕ್ಕೆ ವಾಸಿ

ಎಸ್ಟೋನಿಯಾದ ಟಾಲಿನ್‌ನಲ್ಲಿ, ಹಳೇ ಪೇಟೆಯ ರಾಯಕೊಯಾ ಪ್ಲಾಟ್ಸ್ ಚೌಕದಲ್ಲಿ ನವೆಂಬರ್ ಕೊನೆಗೆ ಈ ಸಂತೆ ಶುರುವಾಗುತ್ತದೆ. ದೊಡ್ಡದೇನಲ್ಲ, ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸಬಹುದು. ಚೌಕದಲ್ಲಿ ಮರ ನಿಲ್ಲಿಸುವ ಪದ್ಧತಿ 1441ರಿಂದ ಇದೆ ಅಂತ ಊರಿನವರ ವಾದ. ಅಲಂಕರಿಸಿದ ಮರ ಮೊದಲು ನಿಲ್ಲಿಸಿದ್ದು ನಾವೇ, 1510ರಲ್ಲಿ ಅಂತ ಲಾಟ್ವಿಯಾದ ರೀಗಾದವರದು. ಆ ಜಗಳ ಅವರಿಗೇ ಬಿಡೋಣ.

ಡಿಸೆಂಬರ್‌ನಲ್ಲಿ ಮೂರೂವರೆಯೊಳಗೇ ಹೊತ್ತು ಮುಳುಗುತ್ತದೆ. ವಾರದ ನಡುವೆ ಮೂರು ಗಂಟೆಗೆ ಹೋದರೆ ದೀಪ ಹತ್ತುವುದನ್ನೂ ನೋಡಬಹುದು, ನೂಕುನುಗ್ಗಲೂ ಕಡಿಮೆ. ಹಗಲು ಕರಗಿದ ಹಿಮ ಸಂಜೆ ಮತ್ತೆ ಹೆಪ್ಪುಗಟ್ಟುವುದರಿಂದ ಕಲ್ಲುಹಾಸು ವಿಪರೀತ ಜಾರುತ್ತದೆ. ನುಣುಪು ಅಡಿಯ ಶೂ ಬೇಡವೇ ಬೇಡ.

ತಿನ್ನಲೇಬೇಕಾದದ್ದು ವೆರಿವೊರ್ಸ್ಟ್. ಹಂದಿಯ ರಕ್ತ, ಬಾರ್ಲಿ, ಈರುಳ್ಳಿ, ಮರ್ಜೋರಮ್ ಸೊಪ್ಪು ತುಂಬಿದ ಕಪ್ಪು ಸಾಸೇಜ್ ಇದು. ಜೊತೆಗೆ ಹುಳಿ ಕೋಸು, ಲಿಂಗನ್‌ಬೆರಿ ಜಾಮ್. ಜಾಮ್ ಬಿಟ್ಟರೆ ರುಚಿ ಅರ್ಧಕ್ಕರ್ಧ ಹೋಯಿತು. ಸಾಸೇಜಿನ ಜಿಡ್ಡನ್ನು ಮುರಿಯುವುದು ಅದರ ಹುಳಿಯೇ. ಸೂಪರ್‌ಮಾರ್ಕೆಟ್‌ನಲ್ಲಿ ಬೇಯಿಸಿಟ್ಟದ್ದು ಸಿಗುತ್ತದೆ. ರೂಮಿನಲ್ಲಿ ಓವನ್ ಇದ್ದರೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಎಣ್ಣೆ ಸವರಿ, 200 ಡಿಗ್ರಿಯಲ್ಲಿ ಸುಮಾರು 25 ನಿಮಿಷ ಇಡಿ. ಚುಚ್ಚದಿದ್ದರೆ ಒಳಗಿನ ಹಬೆಗೆ ಸಿಪ್ಪೆ ಒಡೆದು ಹೂರಣವೆಲ್ಲ ತಟ್ಟೆಗೆ ಬೀಳುತ್ತದೆ.

ಸಸ್ಯಾಹಾರಿಗಳು ಮೋಸಹೋಗುವುದು ಸಾಸೇಜಿನಲ್ಲಲ್ಲ, ಕೋಸಿನಲ್ಲಿ. ಬರೀ ಪಲ್ಯದಂತೆ ಕಂಡರೂ ಅದನ್ನು ಹಂದಿ ಕೊಬ್ಬಿನಲ್ಲಿ ಬೇಯಿಸಿರುವ ಸಾಧ್ಯತೆ ಹೆಚ್ಚು. ಮುಲ್ಗಿಕಪ್ಸದ್ ಎಂದಿದ್ದರಂತೂ ಬಾರ್ಲಿಯ ಜೊತೆ ಮಾಂಸವೂ ಇರುತ್ತದೆ. ಕೇಳಿಯೇ ತಟ್ಟೆ ಹಿಡಿಯಿರಿ. ಗ್ಲೋಗಿ ಎಂಬ ಮಸಾಲೆಯ ಬಿಸಿ ಪಾನೀಯ ಮದ್ಯವಿಲ್ಲದೆಯೂ ಸಿಗುತ್ತದೆ. ಪಿಪರ್‌ಕೋಕ್ ಬಿಸ್ಕತ್ತು ತೆಳುವಾಗಿದ್ದಷ್ಟೂ ಗರಿಗರಿ.

ಖರೀದಿಯಲ್ಲಿ ಮಾತ್ರ ಎಚ್ಚರ. ಕೈಗವಸು ನೋಡಲು ಒಂದೇ ಥರ ಇದ್ದರೂ ಚೀಟಿಯಲ್ಲಿ ‘ವಿಲ್ಲ್’ ಎಂದಿದ್ದರೆ ಉಣ್ಣೆ, ‘ಅಕ್ರ್ಯೂಲ್’ ಎಂದಿದ್ದರೆ ಅಕ್ರಿಲಿಕ್. ಚೀಟಿಯೇ ಇಲ್ಲದ್ದನ್ನು ಬಿಟ್ಟುಬಿಡಿ. ದುಡ್ಡಿಗೆ ಮೋಸವಿಲ್ಲದ್ದು ಜುನಿಪರ್ ಮರದ ಬೆಣ್ಣೆ ಚಾಕು. ಹಗುರ, ಮೂಗಿಗೆ ಹಿಡಿದರೆ ಖಾರದ ಪರಿಮಳ. ನೀರಲ್ಲಿ ನೆನೆಹಾಕಿದರೆ ಸೀಳುತ್ತದೆ, ತೊಳೆದ ಕೂಡಲೇ ಒರೆಸಿಡಬೇಕು.

24ರಂದು ಅಲ್ಲಿನವರ ಹಬ್ಬ ಮನೆಯೊಳಗೆ. ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ, 25 ಮತ್ತು 26 ಕೂಡ ಸರ್ಕಾರಿ ರಜೆ. ದಿನಸಿ 23ಕ್ಕೇ ತಂದಿಟ್ಟುಕೊಳ್ಳಿ.